ಕಾಲಿಗೊಂದು ಕಿವಿಮಾತು

ಮುಪ್ಪಿನಲ್ಲಿ ಕಿವಿ ಮಂದವಾದರೆ ಮನೆಮಂದಿ ನಗುತ್ತಾರೆ. ಕಾಲು ಜಾರಿದರೆ ಕಣ್ಣೀರಿಡುತ್ತಾರೆ. ಆ ನಗೆಗೂ ಈ ಕಣ್ಣೀರಿಗೂ ನಂಟುಂಟೆಂಬುದು ಮಾತ್ರ ಅನೇಕರಿಗೆ ಹೊಳೆಯುವುದಿಲ್ಲ.

ಅರಭಾವಿಯ ಕಡೆ ಮನೆಗಳ ಪಡಸಾಲೆಯಲ್ಲಿ ಇಂಥ ಅಜ್ಜಂದಿರು ಕಾಣಸಿಗುತ್ತಾರೆ. "ಅಜ್ಜಾ, ಚಾ ಬೇಕೇನ?" ಎಂದು ಮೊಮ್ಮಗಳು ಕೇಳಿದರೆ, "ಚಾವಿ ಗೂಟಕ್ಕೈತಿ ನೋಡವ್ವಾ" ಎಂದು ಉತ್ತರ. ಮನೆಯೆಲ್ಲ ನಗುತ್ತದೆ, ಕಾರಣ ತಿಳಿಯದಿದ್ದರೂ ಅಜ್ಜನೂ ನಗುತ್ತಾನೆ. ಕೆಲವು ದಿನ ಕಳೆದ ಮೇಲೆ ಆತ ಉತ್ತರ ಕೊಡುವುದನ್ನೇ ಬಿಡುತ್ತಾನೆ. ನಗೆಗೀಡಾಗುವುದಕ್ಕಿಂತ ಮೌನವೇ ಮರ್ಯಾದೆಯೆಂದು ಆತನ ಲೆಕ್ಕ.

ಆ ಸೀಮೆಗೆ ಸದ್ದು ಹೊಸದಲ್ಲ. ಗೋಕಾಕದ ಬಳಿ ಘಟಪ್ರಭೆ 52 ಮೀಟರು ಎತ್ತರದಿಂದ ಧುಮುಕುತ್ತಾಳೆ. 19ನೆಯ ಶತಮಾನದ ಕೊನೆಯಲ್ಲಿ ಆ ನೀರಿನ ಬಲದಿಂದಲೇ ಅಲ್ಲಿ ನೂಲಿನ ಗಿರಣಿ ತಲೆಯೆತ್ತಿತು. ಗಿರಣಿ ಎಲ್ಲಿಯದಾದರೂ ಸರಿ, ಯಂತ್ರಗಳ ಆರ್ಭಟದ ನಡುವೆ ವರ್ಷಗಟ್ಟಲೆ ದುಡಿದವರ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಶಿಸಬಹುದು. ನಶಿಸಿದವು ಮರಳಿ ಹುಟ್ಟವು. ವಯಸ್ಸು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ.

ಆದರೆ ಕೇಳುವುದೊಂದೇ ಕಿವಿಯ ಕಾಯಕವಲ್ಲ. ಶಬ್ದವನ್ನು ಗ್ರಹಿಸುವ ಶಂಖಾಕೃತಿಯ ಅಂಗಕ್ಕೆ ಹೊಂದಿಕೊಂಡೇ ದೇಹದ ಸಮತೋಲವನ್ನು ಕಾಯುವ ಮೂರು ಅರ್ಧವೃತ್ತ ನಾಳಗಳಿವೆ. ಮೇಲಾಗಿ ತನ್ನ ಹೆಜ್ಜೆಯ ಸಪ್ಪಳ, ಬಚ್ಚಲಲ್ಲಿ ನೀರು ತುಳುಕಿದ ಸದ್ದು, ಬೆನ್ನ ಹಿಂದಿನ ಸೈಕಲ್ಲಿನ ಗಂಟೆ ಇವೆಲ್ಲ ಕಾಲಿಗೆ ಎಚ್ಚರ ಹೇಳುತ್ತವೆ. ಇನ್ನು, ಮಾತನ್ನು ಹಿಡಿಯಲು ಹೆಣಗುವ ಮನಸ್ಸಿಗೆ ಹೆಜ್ಜೆಯ ಕಡೆಗೆ ಗಮನವೂ ಕಡಮೆ. ಅಮೆರಿಕದಲ್ಲಿ 40ರಿಂದ 69 ವಯಸ್ಸಿನ 2,017 ಜನರ ವಿವರಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 25 ಡೆಸಿಬೆಲ್ಲಿನಷ್ಟು ಅಲ್ಪ ಕಿವುಡಿದ್ದವರು ಬಿದ್ದಿರುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚೆಂದು ಕಂಡುಬಂದಿತು. ಕಿವುಡೇ ಬೀಳಿಸಿತೆಂದು ಇದರಿಂದ ಸಿದ್ಧವಾಗದು. ಎಚ್ಚರಿಕೆಗಂತೂ ಇಷ್ಟು ಸಾಕು.

ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿ 1965ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಆದರೂ ಕನ್ನಡಕಕ್ಕೆ ದೊರೆತ ಗೌರವ ಶ್ರವಣಯಂತ್ರಕ್ಕೆ ಇನ್ನೂ ದೊರೆತಿಲ್ಲ. ಕನ್ನಡಕ ಧರಿಸಿದವನು ಪಂಡಿತ, ಯಂತ್ರ ಧರಿಸಿದವನು ಕಿವುಡ! ಈ ನಾಚಿಕೆಯಿಂದಲೇ ಅದೆಷ್ಟೋ ಹಿರಿಯರು ವೈದ್ಯರ ಬಳಿಗೆ ಹೋಗುವುದಿಲ್ಲ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿದ್ದು, ವೈದ್ಯರು ಅದನ್ನು ತೆಗೆದರೆ ಸಾಕಾದೀತು.

ಮನೆಯವರ ಪಾಲಿನ ಕೆಲಸವೂ ದೊಡ್ಡದಲ್ಲ. ಹಿಂದಿನಿಂದ ಕೂಗದೆ ಎದುರು ನಿಂತು ನಿಧಾನವಾಗಿ ಮಾತನಾಡಬೇಕು; ಬಚ್ಚಲ ನೆಲವನ್ನು ಒಣಗಿಸಿಡಬೇಕು; ಹೊಸ್ತಿಲ ಬಳಿ ರಾತ್ರಿಯೊಂದು ದೀಪವಿರಬೇಕು. ಚಾವಿಯ ಮಾತಿಗೆ ನಕ್ಕ ದಿನವೇ ಬಚ್ಚಲ ಗೋಡೆಗೊಂದು ಹಿಡಿಕೆ ಹಾಕಿಸಿದರೆ, ಆ ನಗೆ ಮನೆಯಲ್ಲಿ ಬಹುಕಾಲ ಉಳಿದೀತು.