ಬೇಡಿ ತೊಟ್ಟ ಕೈಗಳು



ಹಲವು ವರ್ಷಗಳ ಹಿಂದಿನ ಮಾತು. ಬಸ್ಸಿನಲ್ಲಿ ನನ್ನ ಪಕ್ಕದ ಸಾಲಿನಲ್ಲಿ ಒಬ್ಬ ಯುವಕ, ಅವನ ಬದಿಯಲ್ಲಿ ಪೊಲೀಸ್ ಪೇದೆ ಕುಳಿತಿದ್ದರು. ಇಬ್ಬರ ಕೈಗಳ ಮೇಲೆ ಒಂದೇ ಟವೆಲು. ನನ್ನ ನಿಲುವಂಗಿಯನ್ನು ಕಂಡ ಯುವಕ "ಸ್ತೋತ್ರ ಸ್ವಾಮಿ" ಎಂದು ಕೈಮುಗಿಯಲು ಹೋದ. ಟವೆಲು ಜಾರಿತು, ಬೇಡಿಯೊಡನೆ ಪೇದೆಯ ಕೈಯೂ ಮೇಲೆದ್ದಿತು. ಎಲ್ಲರೂ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ. ನಾನು ಅವನ ಹೆಸರನ್ನೂ ಕೇಳದೆ ಜಪದ ಪುಸ್ತಕ ತೆರೆದು ಕುಳಿತೆ. ಅಂದು ಮಾಡಿದ ಪ್ರಾರ್ಥನೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬೇಡಿಯ ಬಗ್ಗೆ ನಮ್ಮ ಸುಪ್ರೀಂ ಕೋರ್ಟು ಆಳವಾಗಿ ಚಿಂತಿಸಿದೆ. ದೆಹಲಿಯ ತಿಹಾರ್ ಸೆರೆಮನೆಯ ವಿಚಾರಣಾ ಕೈದಿ ಪ್ರೇಮ್ ಶಂಕರ್ ಶುಕ್ಲಾ ತನಗೆ ಬೇಡಿ ತೊಡಿಸಿ ಕರೆದೊಯ್ಯುತ್ತಾರೆಂದು ನ್ಯಾಯಮೂರ್ತಿಯೊಬ್ಬರಿಗೆ ತಂತಿ ಕಳುಹಿಸಿದ. ಅಂದಿನ ನಿಯಮವು ಮೇಲ್ದರ್ಜೆಯ ಕೈದಿಗೆ ರಿಯಾಯಿತಿ ತೋರಿ, ಸಾಮಾನ್ಯನಿಗೆ ಬೇಡಿ ತೊಡಿಸುತ್ತಿತ್ತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಆ ಭೇದವನ್ನು ತಳ್ಳಿಹಾಕಿತು. ತಪ್ಪಿಸಿಕೊಳ್ಳುವ ಅಪಾಯ ನಿಜವಾಗಿದ್ದು ಬೇರೆ ದಾರಿಯಿಲ್ಲದಾಗ ಮಾತ್ರ ಬೇಡಿ ಎಂದಿತು. ಸೆರೆಮನೆಯಿಂದ ನ್ಯಾಯಾಲಯಕ್ಕೆ ಒಯ್ಯುವಾಗ ಮ್ಯಾಜಿಸ್ಟ್ರೇಟರ ಅನುಮತಿ ಬೇಕೆಂದು 1995ರಲ್ಲಿ ಇನ್ನೊಂದು ತೀರ್ಪು ಬಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂತಹ ಅಪರಾಧಗಳಲ್ಲಿ, ಅವುಗಳ ಗಂಭೀರತೆಯನ್ನು ನೋಡಿ ಬೇಡಿ ಬಳಸಲು ಪೊಲೀಸರಿಗೆ ಅವಕಾಶ ನೀಡಿದೆ.

ಪೇದೆಯ ಕಷ್ಟವನ್ನೂ ನಾವು ಮರೆಯಬಾರದು. ಕೈದಿ ಓಡಿಹೋದರೆ ಉತ್ತರ ಕೊಡಬೇಕಾದವರು ಅವರೇ. ಸಂತ ಪೌಲರನ್ನು ರೋಮಿಗೆ ಒಯ್ಯುತ್ತಿದ್ದ ಸೈನಿಕರಿಗೂ ಇದೇ ಭಯವಿತ್ತು. ಹಡಗು ಒಡೆದಾಗ ಕೈದಿಗಳು ಈಜಿ ತಪ್ಪಿಸಿಕೊಂಡಾರೆಂದು ಅವರನ್ನು ಕೊಲ್ಲಲು ಯೋಚಿಸಿದರು. ಶತಾಧಿಪತಿ ಯೂಲಿಯ ತಡೆದ. ಅದೇ ಯೂಲಿಯ ಮೊದಲು ಸಿದೋನಿನಲ್ಲಿ, ಸ್ನೇಹಿತರ ಉಪಚಾರ ಪಡೆಯಲು ಪೌಲರಿಗೆ ಅನುಮತಿ ನೀಡಿದ್ದ. ಕಾವಲು ಬಿಡದೆಯೂ ಕರುಣೆ ತೋರಬಹುದೆಂದು ಆ ಅನ್ಯಧರ್ಮೀಯ ಅಧಿಕಾರಿ ನಮಗೆ ಕಲಿಸುತ್ತಾನೆ.

ನಮ್ಮ ಪ್ರಭುವನ್ನೂ ಕಟ್ಟಿಯೇ ಪಿಲಾತನ ಬಳಿಗೆ ಒಯ್ದರು. ತಪಸ್ಸುಕಾಲದಲ್ಲಿ ಶಿಲುಬೆಹಾದಿ ನಡೆಯುವಾಗ ಕಣ್ಣೀರಿಡುವ ನಾವು ಬಸ್‌ನಿಲ್ದಾಣದಲ್ಲಿ ಬೇಡಿ ತೊಟ್ಟವನನ್ನು ಕಂಡರೆ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ. ಅವನ ತಪ್ಪನ್ನು ನ್ಯಾಯಾಲಯ ತೀರ್ಮಾನಿಸಲಿ. ನಮ್ಮ ಧರ್ಮಕೇಂದ್ರದಲ್ಲಿಯೇ ಅಂಥವನ ತಾಯಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತಿರಬಹುದು. ಮುಂದಿನ ಭಾನುವಾರ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ.

ಅಂದು ನಾನು ಕೇಳದ ಆ ಹೆಸರು ದೇವರಿಗೆ ಗೊತ್ತು. ಬಲಿಪೂಜೆಯಲ್ಲಿ ಕೈಗಳನ್ನು ಮೇಲೆತ್ತುವಾಗ ಒಮ್ಮೊಮ್ಮೆ ಅವನ ಕೈ ನನ್ನ ಕಣ್ಮುಂದೆ ಬರುತ್ತದೆ.