ಪತಂಗದವರ ಬಳಗ

2022ರ ಅಕ್ಟೋಬರ್ 27ರಂದು ಎಲಾನ್ ಮಸ್ಕ್ 44 ಬಿಲಿಯನ್ ಡಾಲರ್ ತೆತ್ತು ಟ್ವಿಟರ್ ಕೊಂಡರು. ಸಾಗರದ ಸೀಮೆಯಲ್ಲಿ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಅದರಿಂದ ಬರುವುದೂ ಇಲ್ಲ, ಹೋಗುವುದೂ ಇಲ್ಲ ಅಂದುಕೊಂಡಿದ್ದೆ. ಆ ಚಳಿಗಾಲದಲ್ಲಿ ನಡೆದದ್ದೇ ಬೇರೆ. ಈಗಲೂ ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತಾಗ ಯಾರಾದರೊಬ್ಬರು ಆ ಸುದ್ದಿ ಕೆದಕುತ್ತಾರೆ, ನಾನು ಮತ್ತೆ ಹೇಳುತ್ತೇನೆ.

ನಾನು ಟ್ವಿಟರ್‌ನಲ್ಲಿ ಇದ್ದದ್ದು ರಾಜಕೀಯಕ್ಕಲ್ಲ, ಸಿನಿಮಾಕ್ಕೂ ಅಲ್ಲ, ಪತಂಗಕ್ಕೆ. ಚಿಟ್ಟೆ ಅಂದರೆ ಎಲ್ಲರೂ ಕ್ಯಾಮೆರಾ ಹಿಡಿದು ಓಡುತ್ತಾರೆ. ನಮ್ಮ ದೇಶದಲ್ಲಿ ಚಿಟ್ಟೆಯ ಪ್ರಭೇದಗಳು ಸುಮಾರು 1,300 ಇರಬಹುದು, ಪತಂಗದವು ಹತ್ತು ಸಾವಿರಕ್ಕೂ ಮೇಲೆ. ಆದರೂ ರಾತ್ರಿ ದೀಪಕ್ಕೆ ಬರುವ ಈ ಪ್ರಾಣಿಗಳನ್ನು ಕೇಳುವವರಿಲ್ಲ. ಜಗಲಿಯ ಗೋಡೆಗೆ ಕೂತದ್ದರ ಫೋಟೊ ತೆಗೆದು ಹಾಕಿದರೆ ಕೇರಳದಿಂದಲೋ ಅಸ್ಸಾಮಿನಿಂದಲೋ ಇಂಗ್ಲೆಂಡಿನಿಂದಲೋ ಒಬ್ಬರು ಹೆಸರು ಹೇಳುತ್ತಿದ್ದರು. ನಮ್ಮ ವ್ಯವಹಾರ ಅಷ್ಟೇ. ಆ ನವೆಂಬರಿನಲ್ಲಿ ಈ ಹೆಸರು ಹೇಳುವವರು ಒಬ್ಬೊಬ್ಬರಾಗಿ ಗಂಟು ಕಟ್ಟತೊಡಗಿದರು. ಹೋಗುವಾಗ ಹೊಸ ವಿಳಾಸ ಬರೆದು ಹೋಗುತ್ತಿದ್ದರು. ಎಲ್ಲ ವಿಳಾಸದಲ್ಲೂ ಎರಡೆರಡು 'ಅಟ್' ಚಿಹ್ನೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗನಿಗೆ ಫೋನ್ ಮಾಡಿದೆ.

"ಅದು ಮ್ಯಾಸ್ಟೊಡಾನ್ ಮಾವ. ನಂದೊಂದು ಖಾತೆ 2019ರಿಂದ ಅಲ್ಲೇ ಬಿದ್ದಿದೆ," ಅಂದ.

2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ವಕೀಲ ಸಂಜಯ್ ಹೆಗ್ಡೆಯವರ ಟ್ವಿಟರ್ ಖಾತೆ ಅಮಾನತಾದಾಗ, ಅದನ್ನು ಪ್ರತಿಭಟಿಸಿ ನಮ್ಮ ದೇಶದ ಬಹಳ ಜನ ಅತ್ತ ಹೋಗಿದ್ದರಂತೆ. ಇವನೂ ಹೋಗಿದ್ದ. ಹೋದವರಲ್ಲಿ ಹೆಚ್ಚಿನವರು ಕೆಲವೇ ವಾರದಲ್ಲಿ ವಾಪಸು ಬಂದರು, ಇವನೂ ಬಂದ.

"ಯಾಕೋ ಬಂದೆ?"

"ಅಲ್ಲಿ ಯಾರೂ ಇರಲಿಲ್ಲ ಮಾವ."

ಅದು ಅರ್ಧ ಮಾತ್ರ ನಿಜ ಅಂತ ನನಗೆ ಗೊತ್ತಾದದ್ದು ಆಮೇಲೆ.

ಆ ವ್ಯವಸ್ಥೆಯನ್ನು ಅವನು ಹೀಗೆ ಬಿಡಿಸಿ ಹೇಳಿದ. ಮ್ಯಾಸ್ಟೊಡಾನ್ ಎನ್ನುವುದು ಒಂದು ಕಂಪನಿಯ ಒಂದು ತಾಣ ಅಲ್ಲ. ಯೂಜೆನ್ ರೋಖ್ಕೊ ಎಂಬ ತರುಣ 2016ರಲ್ಲಿ ಜರ್ಮನಿಯಲ್ಲಿ ಬರೆದು ಬಿಟ್ಟ ತಂತ್ರಾಂಶ ಅದು, ಯಾರು ಬೇಕಾದರೂ ಇಳಿಸಿಕೊಂಡು ತಮ್ಮದೇ ಸರ್ವರ್ ನಡೆಸಬಹುದು. ಒಂದೊಂದು ಸರ್ವರಿಗೂ ಅದರದೇ ಯಜಮಾನರು, ಅದರದೇ ಕಟ್ಟಳೆ. ಆದರೆ ಎಲ್ಲವೂ ಆಕ್ಟಿವಿಟಿಪಬ್ ಎಂಬ ಒಂದೇ ಪದ್ಧತಿಯಲ್ಲಿ ಮಾತಾಡಿಕೊಳ್ಳುವುದರಿಂದ ಈ ಸರ್ವರಿನವರು ಆ ಸರ್ವರಿನವರನ್ನು ಫಾಲೋ ಮಾಡಬಹುದು. ಆ ಪದ್ಧತಿಗೆ 2018ರ ಜನವರಿಯಲ್ಲಿ, ವೆಬ್‌ನ ಮಾನಕಗಳನ್ನು ಗೊತ್ತುಮಾಡುವ ಡಬ್ಲ್ಯೂ3ಸಿ ಸಂಸ್ಥೆಯ ಮಾನ್ಯತೆ ಸಿಕ್ಕಿದೆ. ವಿಳಾಸದಲ್ಲಿ ಎರಡು 'ಅಟ್' ಇರುವುದು ಅದಕ್ಕೇ. ಮೊದಲನೆಯದರ ಮುಂದೆ ನಿಮ್ಮ ಹೆಸರು, ಎರಡನೆಯದರ ಮುಂದೆ ನಿಮ್ಮ ಸರ್ವರಿನ ಹೆಸರು.

"ಯಾವ ಸರ್ವರ್ ಬೇಕು ಮಾವ?"

"ನನಗೇನು ಗೊತ್ತೋ? ಗಲಾಟೆ ಇಲ್ಲದ್ದು ನೋಡು."

ಅವನು ಒಂದು ಸಣ್ಣ ಸರ್ವರಿಗೆ ಸೇರಿಸಿದ. ಯುರೋಪಿನ ಯಾವುದೋ ಪಟ್ಟಣದಲ್ಲಿ ಒಬ್ಬರೇ ಕೂತು, ತಮ್ಮ ಕೈಯಿಂದ ಖರ್ಚು ಹಾಕಿ, ಗಿಡ, ಹಕ್ಕಿ, ಹುಳ ಅಂತ ಆಸಕ್ತಿ ಇರುವವರಿಗಾಗಿ ನಡೆಸುತ್ತಿದ್ದರು. ಗಲಾಟೆ ಇರಲಿಲ್ಲ ಸರಿ, ಸದ್ದೂ ಇರಲಿಲ್ಲ. ಹೋಮ್ ಒತ್ತಿದರೆ ಖಾಲಿ, ಯಾಕೆಂದರೆ ನಾನು ಯಾರನ್ನೂ ಫಾಲೋ ಮಾಡಿರಲಿಲ್ಲ. "ನಿಮಗೆ ಇದು ಹಿಡಿಸಬಹುದು" ಅಂತ ತಾನಾಗಿ ತಂದು ಹೋಮಿನಲ್ಲಿ ಸುರಿಯುವ ಯಂತ್ರ ಅಲ್ಲಿರಲಿಲ್ಲ. ಪತಂಗದ ಇಂಗ್ಲಿಷ್ ಹೆಸರಿಗೆ ಹ್ಯಾಷ್ ಹಾಕಿ ಹುಡುಕಿದೆ, ಕೈಬೆರಳಲ್ಲಿ ಎಣಿಸುವಷ್ಟು ಪೋಸ್ಟು. ತಂಗಿಯ ಮಗ ಹೇಳಿದ್ದು ಸರಿಯೇ ಇರಬೇಕು ಅನ್ನಿಸಿತು.

ಅಲ್ಲಿಯ ಪದ್ಧತಿಯ ಪ್ರಕಾರ ಪರಿಚಯದ ಪೋಸ್ಟ್ ಒಂದನ್ನು ಬರೆದೆ. 500 ಅಕ್ಷರದ ಮಿತಿ. ಪಶ್ಚಿಮ ಘಟ್ಟ, ಅಡಿಕೆ ತೋಟ, ಜಗಲಿ ದೀಪ, ಪತಂಗ, ಕನ್ನಡ ಮತ್ತು ಇಂಗ್ಲಿಷ್ ಎರಡೂ ಬರುತ್ತದೆ, ಇಷ್ಟೇ. ಕೊನೆಗೆ ಪರಿಚಯದ ಹ್ಯಾಷ್‌ಟ್ಯಾಗ್. ಸರ್ವರ್ ನಡೆಸುವವರು ಅದನ್ನು ಬೂಸ್ಟ್ ಮಾಡಿದರು, ಅಂದರೆ ತಮ್ಮನ್ನು ಫಾಲೋ ಮಾಡುವವರಿಗೆಲ್ಲ ದಾಟಿಸಿದರು. ಅವರಲ್ಲೊಬ್ಬರು, ವೇಲ್ಸಿನ ನಿವೃತ್ತ ನರ್ಸ್, ಮನೆಯ ಹಿತ್ತಿಲಲ್ಲಿ ದೀಪದ ಪೆಟ್ಟಿಗೆ ಇಟ್ಟು ಪತಂಗ ಎಣಿಸುವವರು, ಮರುದಿನ ಬೆಳಿಗ್ಗೆ ಬಂದು ಮಾತಾಡಿಸಿದರು. ನಿಮ್ಮ ಹ್ಯಾಷ್‌ಟ್ಯಾಗ್ ಖಾಲಿ ಕಾಣುತ್ತದೆಯೇ ಅಂತ ಕೇಳಿದರು. ಹೌದು ಅಂದೆ. ಅದಕ್ಕವರು ಕೊಟ್ಟ ವಿವರಣೆಯೇ ನನಗೆ ಆ ಲೋಕದ ಬಾಗಿಲು ತೆರೆದದ್ದು.

ಒಂದು ಸರ್ವರಿಗೆ ಜಗತ್ತಿನ ಎಲ್ಲ ಪೋಸ್ಟೂ ಗೊತ್ತಿರುವುದಿಲ್ಲ. ಅಲ್ಲಿರುವ ಯಾರಾದರೊಬ್ಬರು ಹೊರಗಿನ ಒಬ್ಬರನ್ನು ಫಾಲೋ ಮಾಡಿದರೆ, ಅಲ್ಲಿಂದ ಮುಂದೆ ಆ ಹೊರಗಿನವರು ಬಹಿರಂಗವಾಗಿ ಬರೆದದ್ದೆಲ್ಲ ಆ ಸರ್ವರಿಗೆ ಬರತೊಡಗುತ್ತದೆ. ಹ್ಯಾಷ್‌ಟ್ಯಾಗ್ ಹುಡುಕಿದರೆ ಸಿಗುವುದು ಹೀಗೆ ಬಂದು ಸೇರಿದ್ದು ಮಾತ್ರ. ನಮ್ಮದು ಸಣ್ಣ ಸರ್ವರ್, ಪತಂಗದವರನ್ನು ಫಾಲೋ ಮಾಡುವವರು ಅಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಪತಂಗವೂ ಇರಲಿಲ್ಲ. "ನೀವು ಒಬ್ಬರನ್ನು ಹುಡುಕಿಕೊಂಡರೆ ನಿಮ್ಮ ಸರ್ವರಿನವರಿಗೆಲ್ಲ ಅವರು ಸಿಕ್ಕಂತೆ" ಅಂತ ಹೇಳಿ, ತಾವು ಫಾಲೋ ಮಾಡುವ ಪತಂಗದವರ ವಿಳಾಸಗಳ ಪಟ್ಟಿಯನ್ನೇ ಕಳಿಸಿಕೊಟ್ಟರು.

ಸಂಜೆ ಕೂತು ಒಂದೊಂದಾಗಿ ಫಾಲೋ ಮಾಡಿದೆ. ಆ ಹೊತ್ತಿಗೇ ಮ್ಯಾಸ್ಟೊಡಾನ್‌ನ 4.0 ಆವೃತ್ತಿ ಬಂದು, ವ್ಯಕ್ತಿಗಳನ್ನಷ್ಟೇ ಅಲ್ಲದೆ ಹ್ಯಾಷ್‌ಟ್ಯಾಗನ್ನೂ ಫಾಲೋ ಮಾಡುವ ಅನುಕೂಲ ಆಗಿತ್ತು, ಅದನ್ನೂ ಒತ್ತಿದೆ. ವಾರ ಕಳೆಯುವಷ್ಟರಲ್ಲಿ ಹೋಮ್ ತುಂಬಿತು. ನಮ್ಮದೇ ಸರ್ವರಿನಲ್ಲಿದ್ದ ಸಸ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬ ಬಂದು, ಇದ್ದಕ್ಕಿದ್ದಂತೆ ಇಷ್ಟೊಂದು ಹುಳ ಎಲ್ಲಿಂದ ಬಂದವು ಅಂತ ಕೇಳಿದ. ನನ್ನಿಂದಲೇ ಅಂತ ಹೇಳಿಕೊಳ್ಳಲು ಸ್ವಲ್ಪ ಹೆಮ್ಮೆಯೇ ಆಯಿತು. ಆಗ ಜನವೂ ಹಾಗೆ ಬರುತ್ತಿದ್ದರು. ಅಕ್ಟೋಬರಿನಲ್ಲಿ ತಿಂಗಳಿಗೆ ಸುಮಾರು 3 ಲಕ್ಷ ಇದ್ದ ಸಕ್ರಿಯ ಬಳಕೆದಾರರು ನವೆಂಬರಿನಲ್ಲಿ 25 ಲಕ್ಷಕ್ಕೆ ಏರಿದರೆಂದು ರೋಖ್ಕೊ ಅವರೇ ಡಿಸೆಂಬರಿನಲ್ಲಿ ಬರೆದರು.

ಇನ್ನು ಆ ಚಳಿಗಾಲದ ಒಂದು ರಾತ್ರಿಯ ವಿಷಯ.

ಕೊಯ್ಲು ಶುರುವಾಗಿತ್ತು. ಅಂಗಳದ ಚಪ್ಪರದ ಕೆಳಗೆ ದೊಡ್ಡ ಬಲ್ಬು ಹಾಕಿಕೊಂಡು ಹೆಂಗಸರು ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಹಂಡೆ ಬೇಯುತ್ತಿತ್ತು. "ಭಟ್ರೇ, ಬನ್ನಿ ಇಲ್ಲಿ, ಇದರ ಬೆನ್ನ ಮೇಲೆ ಯಾರದೋ ಮುಖ ಐತೆ" ಅಂತ ಒಬ್ಬಳು ಕೂಗಿದಳು. ಹೋಗಿ ನೋಡಿದರೆ ಚಪ್ಪರದ ಕಂಬಕ್ಕೆ ಅಂಗೈ ಅಗಲದ ಪತಂಗ ಕೂತಿದೆ, ಎದೆಯ ಮೇಲ್ಭಾಗದಲ್ಲಿ ಸಾಕ್ಷಾತ್ ತಲೆಬುರುಡೆ. ಅಕೆರೊಂಟಿಯಾ ಅಂತ ಗೊತ್ತಾಯಿತು, ಅಷ್ಟು ನನಗೆ ಬರುತ್ತದೆ. ಆದರೆ ನಮ್ಮ ಕಡೆ ಅದರಲ್ಲಿ ಎರಡು ಪ್ರಭೇದ, ಸ್ಟಿಕ್ಸ್ ಮತ್ತು ಲ್ಯಾಕೆಸಿಸ್. ಇದು ಯಾವುದು?

ಫೋಟೊ ಹಾಕಿದೆ. ಸ್ವಲ್ಪ ಹೊತ್ತಿಗೆ ಕೇರಳದವರೊಬ್ಬರು, ಹಿಂದಿನ ರೆಕ್ಕೆಯ ಬುಡ ತೋರಿಸಿ ಅಂದರು. ಲ್ಯಾಕೆಸಿಸ್ ಆದರೆ ಅಲ್ಲಿ ದೊಡ್ಡ ಕಪ್ಪು ಮಚ್ಚೆ ಇರಬೇಕು. ಕೂತಾಗ ಮುಂದಿನ ರೆಕ್ಕೆ ಹಿಂದಿನದನ್ನು ಮುಚ್ಚಿಬಿಡುತ್ತದೆ. ಹಿಡಿಕಡ್ಡಿಯೊಂದನ್ನು ತಂದು ಮೆಲ್ಲಗೆ ಬದಿಗೆ ತಾಗಿಸಿದೆ, ಇನ್ನೊಂದು ಕೈಯಲ್ಲಿ ಮೊಬೈಲ್ ವಿಡಿಯೊ ಓಡುತ್ತಿತ್ತು. ಪತಂಗ ರೆಕ್ಕೆ ಎತ್ತಿ, ಹಳದಿ ತೋರಿಸಿ, ಕಿರ್ರ್ ಅಂತ ಕೂಗಿತು. ಸುಲಿಯುತ್ತಿದ್ದವರೆಲ್ಲ ಹಾರಿ ಹಿಂದೆ ಸರಿದರು. ಅಮ್ಮ ಒಳಗಿನಿಂದ "ಏನೋ ಅದು?" ಅಂತ ಕೇಳುತ್ತಾ ಬಂದರು. ಬಾಯಿಂದ ಗಾಳಿ ಎಳೆದು ಗಿಡ್ಡ ಸೊಂಡಿಲಿನ ಮೂಲಕ ಹೊರಬಿಟ್ಟು ಆ ಸದ್ದು ಮಾಡುತ್ತದೆ ಅದು. ಜೇನುಗೂಡಿಗೆ ನುಗ್ಗಿ ತುಪ್ಪ ಕದಿಯುವ ಜಾತಿ.

ವಿಡಿಯೊದಲ್ಲಿ ಕಪ್ಪು ಮಚ್ಚೆ ಸ್ಪಷ್ಟವಾಗಿತ್ತು. ಲ್ಯಾಕೆಸಿಸ್ ಅಂತ ತೀರ್ಮಾನವಾಯಿತು. ಹಾಕುವ ಮುಂಚೆ ಅದಕ್ಕೆ ಆಲ್ಟ್ ಟೆಕ್ಸ್ಟ್ ಬರೆದಿದ್ದೆ. ಅಲ್ಲಿ ಅದು ದೊಡ್ಡ ಮರ್ಯಾದೆಯ ವಿಷಯ. ಚಿತ್ರ ಹಾಕುವವರು ಅದರಲ್ಲಿ ಏನಿದೆ ಅಂತ ಮಾತಿನಲ್ಲಿ ಬರೆಯಬೇಕು, ಕಣ್ಣು ಕಾಣದವರು ಸ್ಕ್ರೀನ್ ರೀಡರ್‌ನಲ್ಲಿ ಕೇಳಿಸಿಕೊಳ್ಳುತ್ತಾರೆ. ವೇಲ್ಸಿನ ನರ್ಸಮ್ಮ ಮೊದಲ ವಾರವೇ ಅದನ್ನು ನನಗೆ ಕಲಿಸಿದ್ದರು. ಆ ರಾತ್ರಿ ನಿದ್ದೆಗಣ್ಣಿನಲ್ಲಿ ಇಂಗ್ಲಿಷು ಬೇಡ ಅನ್ನಿಸಿ ಪೋಸ್ಟನ್ನೂ ವಿವರಣೆಯನ್ನೂ ಕನ್ನಡದಲ್ಲಿ ಬರೆದು, ಭಾಷೆಯ ಜಾಗದಲ್ಲಿ ಕನ್ನಡ ಆರಿಸಿದ್ದೆ.

ಬೆಳಿಗ್ಗೆ ಎದ್ದು ನೋಡಿದರೆ ಹುಬ್ಬಳ್ಳಿಯಿಂದ ಒಂದು ಉತ್ತರ. "ಅಲ್ರೀ, ಇದು ಪತಂಗ ಏನ್ರೀ, ಇಲಿಮರಿ ಒದರಿದಂಗ ಒದರತೈತಲ್ಲ! ಬೆನ್ನಿನ ಬುರುಡಿ ಎಷ್ಟ ದೊಡ್ಡದೈತಿ, ಇನ್ನಷ್ಟು ಹೇಳ್ರಿ."

ಬರೆದವರು ಶಾಲಾ ಮಾಸ್ತರರು, ಹುಟ್ಟಿನಿಂದ ದೃಷ್ಟಿಯಿಲ್ಲ. ವರ್ಷಗಳಿಂದ ಅಲ್ಲಿದ್ದರಂತೆ, ಕನ್ನಡದಲ್ಲಿ ಬರೆದ ಚಿತ್ರವಿವರಣೆ ಅವರ ಸ್ಕ್ರೀನ್ ರೀಡರಿಗೆ ಸಿಗುವುದೇ ಅಪರೂಪವಂತೆ. ನಾನು ಬುರುಡೆಯ ಅಳತೆ ಬರೆದೆ, ಹೆಬ್ಬೆರಳಿನ ಉಗುರಿನಷ್ಟು. ಅದರ ಬಣ್ಣ, ಕಣ್ಣಿನ ಜಾಗದ ಎರಡು ಕಪ್ಪು ಚುಕ್ಕೆ, ಎಲ್ಲ ಬರೆದೆ. ಅವರು ಇನ್ನೂ ಕೇಳಿದರು. ನಾನು ಅದುವರೆಗೆ ನೋಡದೆ ಬಿಟ್ಟಿದ್ದನ್ನೆಲ್ಲ ಅವರ ಪ್ರಶ್ನೆಗಾಗಿ ಹೋಗಿ ನೋಡಿದೆ: ಕಾಲಿನ ಮುಳ್ಳು, ಮೀಸೆಯ ತುದಿ, ಹೊಟ್ಟೆಯ ಮೇಲಿನ ನೀಲಿ ಬೂದಿ ಪಟ್ಟೆ. ಆ ಮಾಸ್ತರರ ಮೂಲಕ ಮಂಗಳೂರಿನ ಒಬ್ಬ ಲಿನಕ್ಸ್ ಹುಡುಗ, ಮೈಸೂರಿನ ಗ್ರಂಥಪಾಲಕಿ, ಜರ್ಮನಿಯಲ್ಲಿ ಓದುತ್ತಿದ್ದ ಧಾರವಾಡದ ಹುಡುಗಿ ಪರಿಚಯವಾದರು. ತಂಗಿಯ ಮಗ ಯಾರೂ ಇಲ್ಲ ಅಂದಿದ್ದ ಊರಿನಲ್ಲಿ ಕನ್ನಡದವರು ಇದ್ದರು, ಅಲ್ಲೊಬ್ಬರು ಇಲ್ಲೊಬ್ಬರು, ಬೇರೆ ಬೇರೆ ಸರ್ವರಿನಲ್ಲಿ, ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲದೆ.

ಮರುವರ್ಷ ನಮ್ಮ ಸರ್ವರ್ ಮುಚ್ಚುವ ಸುದ್ದಿ ಬಂತು. ನಡೆಸುತ್ತಿದ್ದವರು ನೇರವಾಗಿ ಬರೆದಿದ್ದರು: ಚಿತ್ರಗಳನ್ನು ಇಡುವ ಖರ್ಚು ಏರಿದೆ, ದೂರುಗಳನ್ನು ನೋಡುತ್ತಾ ರಾತ್ರಿ ಕಳೆಯುತ್ತದೆ, ಹಗಲು ಬೇರೆ ನೌಕರಿ ಇದೆ, ಇನ್ನಾಗುವುದಿಲ್ಲ. ಮೂರು ತಿಂಗಳ ಅವಧಿ ಕೊಟ್ಟಿದ್ದರು. ಮ್ಯಾಸ್ಟೊಡಾನ್‌ನ ಅಧಿಕೃತ ಪಟ್ಟಿಯಲ್ಲಿ ಇರಬೇಕಾದ ಸರ್ವರುಗಳು ಅಷ್ಟು ನೋಟಿಸ್ ಕೊಡಲೇಬೇಕೆಂಬ ಒಡಂಬಡಿಕೆಯೂ ಇದೆ.

ಇಂಥ ಸುದ್ದಿ ಕೇಳಿದರೆ ನಮ್ಮ ಪ್ರಾಯದವರಿಗೆ ಹಳೆಯದು ನೆನಪಾಗುತ್ತದೆ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿದಾಗ ಅಲ್ಲಿದ್ದ ಗುಂಪುಗಳು ಗುಂಪುಗಳಾಗಿಯೇ ಎದ್ದು ಬೇರೆಡೆ ಹೋಗುವ ದಾರಿ ಇರಲಿಲ್ಲ. ಇಲ್ಲಿಯೂ ಹಾಗೆಯೇ ಆಗುತ್ತದೆ ಅಂತ ಕೆಲವರು ಕೈಚೆಲ್ಲಿದರು. ಎಲ್ಲರೂ ಸೇರಿ ಒಂದೇ ಸರ್ವರಿಗೆ ಹೋಗೋಣ ಅಂತ ಇನ್ನು ಕೆಲವರು. ಯಾವುದು ಆ ಸರ್ವರ್ ಅಂತ ವಾದ ನಡೆಯುತ್ತಲೇ ಇತ್ತು, ಸಸ್ಯಶಾಸ್ತ್ರದ ಹುಡುಗ ಕೊನೆಗೆ ಕೇಳಿದ: ಒಟ್ಟಿಗೇ ಯಾಕೆ ಹೋಗಬೇಕು?

ಹೌದಲ್ಲ. ಮೊದಲಿನಿಂದಲೂ ನಮ್ಮ ಅರ್ಧ ಬಳಗ ಬೇರೆ ಸರ್ವರುಗಳಲ್ಲೇ ಇತ್ತು. ಒಬ್ಬೊಬ್ಬರು ತಮಗೆ ಸರಿಕಂಡಲ್ಲಿ ಹೊಸ ಖಾತೆ ತೆರೆದರು. ಹೊಸ ಖಾತೆಯಲ್ಲಿ ಹಳೆಯದರ ವಿಳಾಸ ಬರೆದು, ಹಳೆಯದರಲ್ಲಿ ಹೋಗಿ ಸ್ಥಳಾಂತರದ ಗುಂಡಿ ಒತ್ತಿದರೆ ಫಾಲೋ ಮಾಡುವವರೆಲ್ಲ ತಾವಾಗಿ ಹೊಸ ವಿಳಾಸಕ್ಕೆ ತಿರುಗಿಕೊಳ್ಳುತ್ತಾರೆ. ನಾವು ಫಾಲೋ ಮಾಡುವವರ ಪಟ್ಟಿಯನ್ನು ಕಡತವಾಗಿ ಇಳಿಸಿಕೊಂಡು ಅಲ್ಲಿ ಏರಿಸಬೇಕು. ಬರೆದ ಪೋಸ್ಟುಗಳು ಮಾತ್ರ ಬರುವುದಿಲ್ಲ. ಅವು ಹಳೆಯ ಸರ್ವರಿನ ಜೊತೆಗೇ ಹೋದವು, ನನ್ನ ಹತ್ತಿರ ಉಳಿದದ್ದು ಇಳಿಸಿಕೊಂಡ ಪ್ರತಿ. ಕೂಗಿದ ಪತಂಗದ ವಿಡಿಯೊವನ್ನು ಹೊಸ ಜಾಗದಲ್ಲಿ ಮತ್ತೆ ಹಾಕಿದೆ. ಮಾಸ್ತರರು "ಬಂತಲ್ರೀ ನಮ್ಮ ಇಲಿಮರಿ" ಅಂದರು. ನರ್ಸಮ್ಮ ತಮ್ಮ ಹಿತ್ತಿಲ ಲೆಕ್ಕ ಹಾಕಿದರು. ಕೇರಳದವರು ಯಾರದೋ ಹೆಸರನ್ನು ತಿದ್ದಿದರು. ಊರು ಬಿಟ್ಟ ಮಾತು ಎರಡು ದಿನಕ್ಕೆ ಮರೆತೇಹೋಯಿತು.

2024ರ ಜುಲೈಯಲ್ಲಿ ಬೆಂಗಳೂರಿನ 'ಕೂ' ಮುಚ್ಚಿತು. 2020ರಲ್ಲಿ ಕನ್ನಡದಿಂದಲೇ ಶುರುವಾದ ತಾಣ ಅದು, ಅಲ್ಲಿ ಬರೆಯುತ್ತಿದ್ದ ನಮ್ಮ ಕಡೆಯವರು ಬಹಳ. ಅವರಲ್ಲೊಬ್ಬ, ತಾಳಮದ್ದಳೆಯ ಹುಚ್ಚಿನ ನೆರೆಮನೆಯ ಗಣಪಣ್ಣ, ನನ್ನ ಹತ್ತಿರ ಬಂದು ಕೂತ.

"ಅಲ್ಲಿ ತಾಳಮದ್ದಳೆಯವರು ಇದಾರಾ ಮಾರಾಯಾ?"

"ಗೊತ್ತಿಲ್ಲ. ನೀನು ಹೋದರೆ ಒಬ್ಬನಾದರೂ ಇರ್ತೀಯ."

ಖಾತೆ ಮಾಡಿಕೊಟ್ಟೆ. ಪರಿಚಯ ಬರೆಸಿದೆ, ತಾಳಮದ್ದಳೆ ಅಂತ ಕನ್ನಡದಲ್ಲೇ ಹ್ಯಾಷ್‌ಟ್ಯಾಗ್ ಹಾಕಿಸಿದೆ, ನಮ್ಮ ಕನ್ನಡದವರೆಲ್ಲ ಬೂಸ್ಟ್ ಮಾಡಿದರು. ತಿಂಗಳುಗಟ್ಟಲೆ ಅವನೊಬ್ಬನೇ ಅರ್ಥ ಹೇಳಿಕೊಂಡಿದ್ದ. ಆಮೇಲೆ ಮುಂಬೈಯಿಂದ ಒಬ್ಬರು, ಉಡುಪಿಯಿಂದ ಇಬ್ಬರು ಬಂದರು. ಮೊನ್ನೆ ರಾತ್ರಿ ಒಲೆಯ ಹತ್ತಿರ ಬಂದವನೇ ಮೊಬೈಲ್ ತೋರಿಸಿ, "ನೋಡು ಇವನು, ಶೇಣಿಯವರ ವಾಲಿಯ ಬಗ್ಗೆ ನನಗೇ ಪಾಠ ಹೇಳ್ತಾನೆ!" ಅಂತ ಸಿಡುಕಿ, ಅಲ್ಲೇ ಕೂತು ಉತ್ತರ ಬರೆಯತೊಡಗಿದ. ನಾನು ಸುಮ್ಮನೆ ಒಲೆಗೆ ಸೌದೆ ನೂಕಿದೆ. ತಾಳಮದ್ದಳೆಯವರು ಜಗಳಕ್ಕೆ ಇಳಿದರೆಂದರೆ ಬಳಗ ಕೂಡಿತೆಂದೇ ಲೆಕ್ಕ.