ಹಾರನ್ನಿನಿಂದ ಈಕ್ವಲೈಜರ್‌ವರೆಗೆ

ನಮ್ಮ ಸೊಕ್ಕೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ, ಅಂದರೆ 1997ಕ್ಕೂ ಮುಂಚೆ, ಊರಲ್ಲಿ ನಾಟಕ ಅಂದರೆ ಮೈಕ್‌ಸೆಟ್ಟು ಬರುತ್ತಿತ್ತು. ಒಂದು ಆಂಪ್ಲಿಫೈಯರ್, ಕಂಬಕ್ಕೆ ಕಟ್ಟಿದ ಹಾರನ್ನುಗಳು, ರಂಗದ ಮೇಲೆ ಇಳಿಬಿಟ್ಟ ಮೈಕು. ದನಿ ತಿದ್ದಲು ಇದ್ದದ್ದು ಬಾಸು, ಟ್ರೆಬಲ್ಲು ಎರಡೇ ತಿರುಪು. ಬಾಸ್ ಎಷ್ಟು ತಿರುವಿದರೂ ಅಷ್ಟೇ. ಹಾರನ್ನಿಗೆ ಸುಮಾರು 300 ಹರ್ಟ್ಸ್‌ಗಿಂತ ತಗ್ಗಿನದು ಬರುವುದೇ ಕಷ್ಟ. ಡಗ್ಗದ ಗುಮ್ಮು ಕೇಳುತ್ತಿರಲಿಲ್ಲ. ಆದರೆ ‘ರಕ್ತರಾತ್ರಿ’ಯ ಮಾತು ಹೊಲ ಕಾಯುವವರಿಗೂ ತಿಳಿಯುತ್ತಿತ್ತು. ವ್ಯಂಜನಗಳನ್ನು ಬಿಡಿಸಿ ಹೇಳುವ ಸದ್ದು ಹೆಚ್ಚಾಗಿ 2,000–4,000 ಹರ್ಟ್ಸ್ ಸುತ್ತ ಇರುತ್ತದೆ. ಹಾರನ್ನು ಜೋರಾಗಿ ಕೂಗುವುದೂ ಅಲ್ಲೇ. ಮೈಕು ಕುಂಯ್ ಅಂದರೆ ಮಾತ್ರ ವಾಲ್ಯೂಮ್ ಇಳಿಸಬೇಕು, ಅದರ ಜೊತೆ ಭೀಮನ ಆರ್ಭಟವೂ ಇಳಿಯುತ್ತಿತ್ತು.

ಆಮೇಲೆ ರೇಡಿಯೊ, ಕ್ಯಾಸೆಟ್ಟು ಎರಡೂ ಇದ್ದ ಟೂ-ಇನ್-ಒನ್ ಬಂತು. ಅದರ ಮೇಲೆ ಜಾರಿಸುವ ಐದು ಗುಂಡಿ: 100, 330, 1ಕೆ, 3.3ಕೆ, 10ಕೆ. ಅಂಚಿನವನ್ನು ಏರಿಸಿ ನಡುವಿನದನ್ನು ಇಳಿಸುವುದು ಹುಡುಗರ ಶೋಕಿ. ಸಣ್ಣ ಸದ್ದಿನಲ್ಲಿ ಅದಕ್ಕೆ ಅರ್ಥವೂ ಇತ್ತು. ವಾಲ್ಯೂಮ್ ಇಳಿಸಿದಷ್ಟೂ ಕಿವಿಗೆ ಬಾಸ್ ಇನ್ನೂ ಕಡಿಮೆ ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದರು.

ಈಗ ಮಿಕ್ಸರ್ ಪಕ್ಕದಲ್ಲಿ 31 ಬ್ಯಾಂಡಿನ ಈಕ್ವಲೈಜರ್. 20ರಿಂದ 20,000 ಹರ್ಟ್ಸ್‌ವರೆಗೆ ಒಂದೊಂದು ಸಪ್ತಕಕ್ಕೂ ಮೂರು ಗುಂಡಿ. ಮೈಕು 2,500ರಲ್ಲಿ ಕೂಗಿದರೆ ಅದೊಂದನ್ನೇ ತುಸು ಇಳಿಸಿದರಾಯಿತು, ಭೀಮನ ಆರ್ಭಟಕ್ಕೆ ಧಕ್ಕೆಯಿಲ್ಲ. ಹಳೆಯ ಮೈಕ್‌ಸೆಟ್ಟಿನವನಿಗೆ ಈ ಸೌಕರ್ಯ ಇರಲಿಲ್ಲ.

ಆದರೆ ಇಂದಿನ ಹುಡುಗರು ಇಳಿಸುವುದಕ್ಕಿಂತ ಏರಿಸುವುದೇ ಹೆಚ್ಚು. 63 ಹರ್ಟ್ಸ್ ಗುಂಡಿಯನ್ನು 6 ಡೆಸಿಬಲ್ ಏರಿಸಿದರೆ ಅಲ್ಲಿ ನಾಲ್ಕು ಪಟ್ಟು ಪವರ್ ಬೇಕು. ಆಂಪ್ಲಿಫೈಯರ್‌ಗೆ ತಡೆಯಲಾಗದೆ ದನಿ ಒಡೆಯುತ್ತದೆ. ಮೆರವಣಿಗೆಯಲ್ಲಿ ಎದೆ ನಡುಗಿದರೆ ಸಾಕು, ಹಾಡಿನ ಮಾತು ಯಾರಿಗೂ ಬೇಕಿಲ್ಲ. ಅದೇ ಸೆಟ್ಟಿಂಗ್‌ನಲ್ಲಿ ನಾಟಕ ಶುರುವಾದರೆ ಸಂಭಾಷಣೆಯೆಲ್ಲ ಗುಂಯ್‌ಗುಡುತ್ತದೆ.

ಹಾರನ್ನು ವಾಪಸ್ ಬರಲಿ ಅನ್ನುವವನು ನಾನಲ್ಲ. ಹತ್ತಿರ ಕೂತವರಿಗೆ ಅದು ತಲೆನೋವೇ. ಮಾತಿಗೆ 100ರ ಕೆಳಗಿನದನ್ನು ಕತ್ತರಿಸಿ, 250ರ ಸುತ್ತ ಸ್ವಲ್ಪ ತಗ್ಗಿಸಿದರೆ ಈಗಿನ ಬಾಕ್ಸ್‌ಗಳಲ್ಲೇ ಚೊಕ್ಕಟವಾಗಿ ಕೇಳುತ್ತದೆ. ಹಾಗಂತ ಸೌಂಡಿನ ಹುಡುಗನಿಗೆ ಹೇಳಿದೆ. “ಬಾಸ್ ಕಡಿಮೆ ಮಾಡಿದ್ರೆ ನಮ್ ಸೆಟ್ಟು ಯಾರ್ ಕರೀತಾರೆ ಮಾಮ?” ಅಂದ. ಅವನ ಲೆಕ್ಕ ತಪ್ಪಲ್ಲ: ವರ್ಷದಲ್ಲಿ ಮೆರವಣಿಗೆ ಹೆಚ್ಚು, ನಾಟಕ ಕಡಿಮೆ.